ಮಕ್ತಲಿನ ಕಾಗದ ಯಾವ ಉಗ್ರಾಣದಲ್ಲಿ?

ಮಕ್ತಲ್ ಎಂಬ ಊರಿನ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಿತವಿರಲಾರದು. ತೆಲಂಗಾಣದ ಮಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಅದು. ಅದರ ಒಂದು ಮಗ್ಗುಲಿಗೆ ಸೀರೆಗೆ ಹೆಸರಾದ ನಾರಾಯಣಪೇಟೆ. ಇನ್ನೊಂದು ಮಗ್ಗುಲಿಗೆ ಹೊಳೆಯಾಚೆ ಗದ್ವಾಲ್. ಕೃಷ್ಣಾ ನದಿಯ ದಡದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಹೆಸರುಗಳನ್ನು ಬದಲಿಸಿ ಓದಿದರೆ ಇದು ನಮ್ಮ ಗಡಿನಾಡಿನದೇ ವರ್ಣನೆ ಎಂದರೆ ತಪ್ಪಾಗಲಾರದು.

ಚರಿತ್ರೆಯಲ್ಲಿಯೂ ನಂಟಿದೆ. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ, ಅಂದಿನ ರಾಯಚೂರು ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶದ ಪಾಲಾಗಿ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. ಮಕ್ತಲ್ ಅದಕ್ಕೂ ಮೊದಲೇ ಮಹಬೂಬ್‌ನಗರಕ್ಕೆ ಸೇರಿದ್ದಿತು. 2014ರ ಜೂನ್ 2ರಂದು ರಾಜ್ಯದ ಹೆಸರು ತೆಲಂಗಾಣವಾಯಿತು. 2016ರ ಅಕ್ಟೋಬರ್ 11ರಂದು ಗದ್ವಾಲ್ ಪ್ರತ್ಯೇಕ ಜಿಲ್ಲೆಯಾಯಿತು. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆ ಉದಯಿಸಿ, ಮಕ್ತಲ್ ಅದರೊಳಗೆ ಬಂದಿತು. ಊರು ಇದ್ದಲ್ಲಿಯೇ ಇದೆ. ಮೇಲಿನ ಕಚೇರಿ ಮಾತ್ರ ಮತ್ತೆ ಮತ್ತೆ ಜಾಗ ಬದಲಿಸಿದೆ. ಕಾಸರಗೋಡು 1984ರ ಮೇ 24ರಂದು ಜಿಲ್ಲೆಯಾದಾಗ ಈ ಅನುಭವದ ಒಂದು ತುಣುಕು ನಮಗೂ ಆಗಿತ್ತು.

ಮೇಲಿನ ಕಚೇರಿ ಬದಲಾದಾಗಲೆಲ್ಲ ಭಾಷಾ ಅಲ್ಪಸಂಖ್ಯಾತನಿಗೆ ಎದುರಾಗುವ ಪ್ರಶ್ನೆ ಒಂದೇ: "ಹಿಂದಿನ ಆದೇಶ ಎಲ್ಲಿದೆ? ತೋರಿಸಿ." ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ, ನಿಜ. ಆದರೆ ಕನ್ನಡ ಬಲ್ಲ ಅಧ್ಯಾಪಕನ ಹುದ್ದೆ, ಕನ್ನಡದ ಪಠ್ಯಪುಸ್ತಕ, ಕನ್ನಡದ ಪ್ರಶ್ನೆಪತ್ರಿಕೆ - ಇವೆಲ್ಲ ನಿಲ್ಲುವುದು ಕಾಗದದ ಬಲದ ಮೇಲೆ. ಯಾರು, ಯಾವ ದಿನ, ಯಾರಿಗೆ ಬರೆದರು; ಏನು ಉತ್ತರ ಬಂತು ಎಂಬುದರ ಮೇಲೆ. ಹಿಂದೆ ಆ ಕಾಗದ ಶಾಲೆಯ ಕಪಾಟಿನಲ್ಲಿರುತ್ತಿತ್ತು. ಗೆದ್ದಲು ಹಿಡಿದರೂ ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು. ಈಗ ಅದು ಇ-ಮೇಲ್, ಅಂದರೆ ಮಿಂಚಂಚೆ. ಅದು ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು "ಫೋನಿನಲ್ಲಿದೆ" ಎನ್ನುತ್ತಾರೆ. ಫೋನಿನಲ್ಲಿರುವುದು ಬಹುಮಟ್ಟಿಗೆ ಅದರ ನೆರಳು ಮಾತ್ರ.

ಅಸಲು ಕಾಗದ ಎಲ್ಲಿರುತ್ತದೆ, ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ತಾಂತ್ರಿಕ ವಿಷಯವೆಂದು ಹೆದರಬೇಕಾಗಿಲ್ಲ. ಶಾಲೆಯ ಕಚೇರಿ ಕೋಣೆಯನ್ನು ಬಲ್ಲವರಿಗೆ ಇದು ಅರ್ಥವಾಗದ ಮಾತೇನಲ್ಲ.

ಗೂಡುಗಳ ಕ್ರಮ

ಕೃಷ್ಣಾ ಮಂಡಲದ ಒಂದು ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರು ಕನ್ನಡ ಅಧ್ಯಾಪಕರ ಹುದ್ದೆಯನ್ನು ಭರ್ತಿ ಮಾಡಬೇಕೆಂದು ಹೈದರಾಬಾದಿನ ಕಚೇರಿಗೆ ಮಿಂಚಂಚೆ ಕಳುಹಿಸಿದರು ಎಂದು ಇಟ್ಟುಕೊಳ್ಳಿ. ಆ ಪತ್ರ ಹೋಗಿ ಸೇರುವುದು ಒಂದು ಸರ್ವರ್‌ಗೆ, ಅಂದರೆ ಹಗಲು ರಾತ್ರಿ ಎಚ್ಚರವಿದ್ದು ಪತ್ರ ಪಡೆದು, ಕೇಳಿದಾಗ ಕೊಡುವ ಕಂಪ್ಯೂಟರಿಗೆ.

ಮೊದಲಿನ ಪದ್ಧತಿಯಲ್ಲಿ ಆ ಸರ್ವರ್ ಪತ್ರಗಳನ್ನು ತನ್ನದೇ ಡಿಸ್ಕಿನಲ್ಲಿ, ಅಂಚೆ ಕಚೇರಿಯ ಗೂಡುಗಳ ಹಾಗೆ ಜೋಡಿಸಿಡುತ್ತಿತ್ತು. ಒಬ್ಬೊಬ್ಬರಿಗೆ ಒಂದು ಗೂಡು, ಗೂಡಿನೊಳಗೆ ಒಂದೊಂದು ಪತ್ರಕ್ಕೆ ಒಂದು ಕಡತ. ಮೇಲ್‌ಡಿರ್ ಎಂದು ಕರೆಯಲಾಗುವ ಈ ಕ್ರಮವನ್ನು 1990ರ ದಶಕದಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ರೂಪಿಸಿದರು. ಇದರಲ್ಲಿ ಪತ್ರವನ್ನು ಓದಿದರೆ, "ಓದಲಾಗಿದೆ" ಎಂಬ ಗುರುತನ್ನು ಕಡತದ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ ಹಾಕಲಾಗುತ್ತದೆ. ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ ಹಾಗೆ.

ನೂರು ಮಂದಿಯ ಸಂಸ್ಥೆಗೆ ಈ ಕ್ರಮ ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಗ್ರಾಹಕರು ಲಕ್ಷ, ಕೋಟಿಯಾದಾಗ ತೊಡಕು ತೋರುತ್ತದೆ. ಡಿಸ್ಕು ತುಂಬಿದರೆ ಗೂಡುಗಳನ್ನೇ ಎತ್ತಿ ಇನ್ನೊಂದು ಯಂತ್ರಕ್ಕೆ ಸಾಗಿಸಬೇಕು. ಯಂತ್ರ ಕೆಟ್ಟರೆ ಅದರಲ್ಲಿದ್ದ ಎಲ್ಲರ ಅಂಚೆಯೂ ನಿಲ್ಲುತ್ತದೆ. ಜರ್ಮನಿಯ ಡಾಯ್ಚೆ ಟೆಲಿಕಾಂ ಕಂಪೆನಿ 2017ರ ಸುಮಾರಿಗೆ ತನ್ನ ಸ್ಥಿತಿಯನ್ನು ಬಹಿರಂಗವಾಗಿ ವಿವರಿಸಿತು: ಸುಮಾರು 3 ಕೋಟಿ 90 ಲಕ್ಷ ಖಾತೆಗಳು, ಸುಮಾರು 670 ಕೋಟಿ ಪತ್ರಗಳು. ಇಷ್ಟನ್ನು ಗೂಡುಗಳಲ್ಲಿ ತುಂಬಿ ಕಾಯುವುದು ಎಂತಹ ಕೆಲಸವೆಂದು ಊಹಿಸಬಹುದು.

ಉಗ್ರಾಣದ ಕ್ರಮ

ಇದಕ್ಕೆ ಪರಿಹಾರವಾಗಿ ಬಂದುದೇ ಆಬ್ಜೆಕ್ಟ್ ಸ್ಟೋರೇಜ್. ಕನ್ನಡದಲ್ಲಿ ನಾವು ಇದನ್ನು ಉಗ್ರಾಣವೆಂದು ಕರೆಯಬಹುದು. ಇಲ್ಲಿ ಗೂಡುಗಳಿಲ್ಲ, ಗೂಡಿನೊಳಗೆ ಗೂಡೂ ಇಲ್ಲ. ರೈಲು ನಿಲ್ದಾಣದಲ್ಲಿ ಸಾಮಾನು ಕೊಟ್ಟು ಚೀಟಿ ಪಡೆದ ಹಾಗೆ: ಗಂಟನ್ನು ಒಪ್ಪಿಸಿದರೆ ಒಂದು ಗುರುತಿನ ಹೆಸರು ಅದಕ್ಕೆ ಅಂಟುತ್ತದೆ, ಆ ಹೆಸರು ಹೇಳಿದರೆ ಅದೇ ಗಂಟು ಮರಳಿ ಕೈಗೆ. ಒಳಗೆ ಅದು ಯಾವ ಮೂಲೆಯಲ್ಲಿದೆ ಎಂಬ ಚಿಂತೆ ಒಪ್ಪಿಸಿದವನಿಗಿಲ್ಲ. ಉಗ್ರಾಣ ಸಾಲದಾದರೆ ಪಕ್ಕದಲ್ಲಿ ಇನ್ನಷ್ಟು ಯಂತ್ರಗಳನ್ನು ಜೋಡಿಸಿದರಾಯಿತು.

ಅಮೆಜಾನ್ ಕಂಪೆನಿ ಎಸ್-3 ಎಂಬ ಹೆಸರಿನಿಂದ ಇಂತಹ ಬಾಡಿಗೆಯ ಉಗ್ರಾಣವನ್ನು 2006ರ ಮಾರ್ಚ್ 14ರಂದು ತೆರೆಯಿತು. ನಮ್ಮ ದೇಶದಲ್ಲಿ ಅದರ ಕೇಂದ್ರಗಳು 2016ರಲ್ಲಿ ಮುಂಬಯಿಯಲ್ಲಿ, 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಆರಂಭವಾದವು. ಹೈದರಾಬಾದಿನದು ಪರಸ್ಪರ ದೂರವಿಟ್ಟ ಮೂರು ಕಟ್ಟಡ ಸಮೂಹಗಳ ಕೇಂದ್ರ. ಮಕ್ತಲಿನವರು ರಾಜಧಾನಿಗೆ ಹೋಗುವ ದಾರಿಯ ಕೊನೆಯಲ್ಲಿಯೇ ಇಂತಹ ಉಗ್ರಾಣವಿದೆಯೆಂದಾಯಿತು. ಹಾಗೆಂದು ಮಕ್ತಲಿನ ಪತ್ರ ಅಲ್ಲಿಯೇ ಇರುತ್ತದೆಂದಲ್ಲ. ಮಿಂಚಂಚೆಯ ವಿಳಾಸ ನೋಡಿ ಅದರ ಉಗ್ರಾಣದ ಊರು ಹೇಳಲಾಗದು. ಸೇವೆ ನೀಡುವ ಕಂಪೆನಿಯ ಒಪ್ಪಂದದಲ್ಲಿ ಮಾತ್ರ ಅದು ತಿಳಿದೀತು. ಕೇಂದ್ರ ಸರಕಾರದ ಸುಮಾರು 12 ಲಕ್ಷ ನೌಕರರ ಅಂಚೆ ಎನ್.ಐ.ಸಿ. ವ್ಯವಸ್ಥೆಯಿಂದ ಜೋಹೋ ಕಂಪೆನಿಯ ವೇದಿಕೆಗೆ ಹೋಯಿತೆಂದು 2025ರಲ್ಲಿ ವರದಿಯಾಯಿತು. ಬರೆಯುವವರಿಗೆ ವಿಳಾಸದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಾಗಿಲಿನ ನಾಮಫಲಕ ಹಾಗೆಯೇ ಇದ್ದು, ಹಿಂದಿನ ಉಗ್ರಾಣ ಬದಲಾದ ಹಾಗೆ.

ಉಗ್ರಾಣದವರು ಗಂಟನ್ನು ಕಾಯುವ ಉಪಾಯವೂ ತಿಳಿಯತಕ್ಕದ್ದೇ. ಒಂದು ಪತ್ರಕ್ಕೆ ಮೂರು ಪ್ರತಿ ಮಾಡಿ ಮೂರು ಕಡೆ ಇಡುವುದು ಒಂದು ಕ್ರಮ. ಅದಕ್ಕೆ ಮೂರು ಪಟ್ಟು ಜಾಗ ಬೇಕು. ಇನ್ನೊಂದರಲ್ಲಿ ಸ್ವಲ್ಪ ಗಣಿತವಿದೆ. ಪತ್ರವನ್ನು ನಾಲ್ಕು ತುಂಡು ಮಾಡಿ, ಆ ನಾಲ್ಕರಿಂದ ಲೆಕ್ಕ ಹಾಕಿ ಇನ್ನೆರಡು ತುಂಡುಗಳನ್ನು ಹುಟ್ಟಿಸಿ, ಆರನ್ನು ಆರು ಡಿಸ್ಕುಗಳಲ್ಲಿ ಇಡುತ್ತಾರೆ. ಯಾವ ಎರಡು ತುಂಡುಗಳು ನಾಶವಾದರೂ ಉಳಿದ ನಾಲ್ಕರಿಂದ ಇಡೀ ಪತ್ರ ಎದ್ದು ಬರುತ್ತದೆ. ಹತ್ತನೆಯ ತರಗತಿಯ ಮಕ್ಕಳು ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳನ್ನು ಕಂಡುಹಿಡಿಯುತ್ತಾರಲ್ಲವೇ? ಇದು ಅದರದೇ ದೊಡ್ಡಣ್ಣ. ಬೇಕಾಗುವ ಜಾಗ ಮೂರು ಪಟ್ಟಲ್ಲ, ಒಂದೂವರೆ ಪಟ್ಟು. ಅಮೆಜಾನ್ ತನ್ನ ಉಗ್ರಾಣದ ಬಗ್ಗೆ ಹೇಳಿಕೊಳ್ಳುವ ಲೆಕ್ಕವೆಂದರೆ, 1 ಕೋಟಿ ವಸ್ತುಗಳನ್ನಿಟ್ಟರೆ ಸರಾಸರಿ 10,000 ವರ್ಷಗಳಿಗೆ ಒಂದು ಕಳೆದೀತು.

ಕಾಗದ ಬೇರೆ, ರಿಜಿಸ್ಟರ್ ಬೇರೆ

ಹಾಗಾದರೆ ಗೂಡಿನ ಪತ್ರಗಳನ್ನೆಲ್ಲ ಉಗ್ರಾಣಕ್ಕೆ ಸುರಿದರೆ ಮುಗಿಯಿತೇ? ಇಲ್ಲ. ಈ ವಿಷಯದ ಹೃದಯವೇ ಇಲ್ಲಿದೆ.

ಉಗ್ರಾಣದೊಳಗಿನ ಗಂಟನ್ನು ಬಿಚ್ಚಿ ಒಂದು ಅಕ್ಷರ ತಿದ್ದುವಂತಿಲ್ಲ. ತಿದ್ದಬೇಕಾದರೆ ಇಡೀ ಗಂಟನ್ನು ಹೊಸದಾಗಿ ಕಟ್ಟಿ ಒಪ್ಪಿಸಬೇಕು. ಹೆಸರು ಬದಲಿಸುವುದೂ ಸುಲಭವಲ್ಲ. ಎಸ್-3ರ ಸಾಮಾನ್ಯ ಕ್ರಮದಲ್ಲಿ ಹೊಸ ಹೆಸರಿನಲ್ಲಿ ಪ್ರತಿ ಮಾಡಿ ಹಳೆಯದನ್ನು ಅಳಿಸಬೇಕು. ಲಕೋಟೆಯ ಮೇಲೆ ಗೀಟು ಹಾಕುವ ಹಳೆಯ ಪದ್ಧತಿ ಇಲ್ಲಿ ನಡೆಯದು. ನೀವು ಒಂದು ಪತ್ರ ಓದಿದಿರಿ, ನಕ್ಷತ್ರದ ಗುರುತು ಹಾಕಿದಿರಿ, ಬೇರೆ ಕಟ್ಟಿಗೆ ಸೇರಿಸಿದಿರಿ ಎಂದರೆ ಪ್ರತಿಯೊಂದು ಸಲವೂ ಇಡೀ ಗಂಟನ್ನು ಮತ್ತೆ ಕಟ್ಟಬೇಕಾದೀತು. "ನನ್ನ ಪತ್ರಗಳೆಲ್ಲ ಯಾವುವು?" ಎಂದು ಉಗ್ರಾಣವನ್ನು ಕೇಳಿದರೆ, ಹೆಸರಿನ ಪಟ್ಟಿಯನ್ನು ಸಾವಿರ ಸಾವಿರವಾಗಿ ಓದಿ ಹೇಳೀತು, ಅದು ನಿಧಾನದ ಕೆಲಸ. ಮೇಲಾಗಿ ಪತ್ರಗಳು ಬಹಳ ಸಣ್ಣ ಗಂಟುಗಳು. ಎಸ್-3ರಲ್ಲಿ ಅಪರೂಪಕ್ಕೆ ಬಳಸುವ ಸಾಮಾನಿಗೆಂದು ಇರುವ ಅಗ್ಗದ ವಿಭಾಗದಲ್ಲಿ, ಗಂಟು ಎಷ್ಟೇ ಸಣ್ಣದಿದ್ದರೂ 128 ಕಿಲೋಬೈಟಿನ ಬಾಡಿಗೆ ತೆರಬೇಕು. ಅಂಗೈ ಅಗಲದ ಚೀಟಿಗೆ ಪೆಟ್ಟಿಗೆಯ ಬಾಡಿಗೆ ಕೊಟ್ಟ ಹಾಗೆ.

ಆದರೆ ಮಿಂಚಂಚೆಗೆ ಒಂದು ಸದ್ಗುಣವಿದೆ. ಒಮ್ಮೆ ಬಂದ ಪತ್ರದ ಒಕ್ಕಣೆ ಮತ್ತೆಂದೂ ಬದಲಾಗುವುದಿಲ್ಲ. ಬದಲಾಗುವುದು ಅದರ ಮೇಲಿನ ಗುರುತು ಮಾತ್ರ. ಆದುದರಿಂದ ತಜ್ಞರು ಎರಡನ್ನೂ ಬೇರ್ಪಡಿಸಿದರು. ಪತ್ರವನ್ನು ಉಗ್ರಾಣಕ್ಕೆ ಹಾಕಿದರು; ಗುರುತು, ಕ್ರಮಸಂಖ್ಯೆ, ಯಾವ ಕಟ್ಟಿನಲ್ಲಿದೆ ಎಂಬ ವಿವರಗಳನ್ನು ಬೇರೊಂದು ಸೂಚಿಯಲ್ಲಿ ಬರೆದು ವೇಗದ ಡಿಸ್ಕಿನಲ್ಲಿಟ್ಟರು. ಶಾಲೆಯ ಕಚೇರಿಯಲ್ಲಿ ಕಾಗದದ ಕಟ್ಟು ಕಪಾಟಿನಲ್ಲಿದ್ದು, ಇನ್‌ವರ್ಡ್ ರಿಜಿಸ್ಟರ್ ಮೇಜಿನ ಮೇಲಿರುವುದಿಲ್ಲವೇ? ಅದೇ ವ್ಯವಸ್ಥೆ.

ಫಿನ್ಲೆಂಡಿನ ಟಿಮೊ ಸಿರೈನೆನ್ ಎಂಬವರು ಆರಂಭಿಸಿ 2002ರಲ್ಲಿ ಹೊರಬಂದ ಡವ್‌ಕಾಟ್ ಎಂಬ ಅಂಚೆ ಸರ್ವರ್ ತಂತ್ರಾಂಶ ಈ ದಾರಿ ಹಿಡಿದಿದೆ. ಅದರ ವಾಣಿಜ್ಯ ಆವೃತ್ತಿಯ ಓಬಾಕ್ಸ್ ಎಂಬ ಅಂಗ ಪತ್ರಗಳನ್ನು ಉಗ್ರಾಣಕ್ಕೆ ಕಳುಹಿಸಿ, ಸೂಚಿಯನ್ನು ಹತ್ತಿರದ ಡಿಸ್ಕಿನಲ್ಲಿಟ್ಟುಕೊಂಡು, ಆಗಾಗ ಸೂಚಿಯ ಪ್ರತಿಯನ್ನೂ ಗಂಟು ಕಟ್ಟಿ ಉಗ್ರಾಣಕ್ಕೆ ಸೇರಿಸುತ್ತದೆ. ಡಾಯ್ಚೆ ಟೆಲಿಕಾಂ ಕೂಡ ಡವ್‌ಕಾಟನ್ನೇ ಬಳಸಿ, ಸೆಫ್ ಎಂಬ ಮುಕ್ತ ತಂತ್ರಾಂಶದ ಉಗ್ರಾಣದಲ್ಲಿ ಪತ್ರಗಳನ್ನು, ಅದೇ ಸೆಫ್‌ನ ಕಡತ ವ್ಯವಸ್ಥೆಯಲ್ಲಿ ಸೂಚಿಯನ್ನು ಇಡುವ ಯೋಜನೆ ರೂಪಿಸಿ, ಅದರ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಇದರಿಂದ ನಾವು ತಿಳಿಯಬೇಕಾದುದು ಒಂದಿದೆ. ಪತ್ರ ಉಳಿದರೆ ಸಾಲದು, ಅದರ ಸೂಚಿಯೂ ಉಳಿಯಬೇಕು. ರಿಜಿಸ್ಟರ್ ಇಲ್ಲದ ಕಪಾಟು ಕಾಗದದ ರಾಶಿಯಾಗುತ್ತದೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಮಿಂಚಂಚೆಯ ವಿಷಯದ ಜಾಗದಲ್ಲಿ ಏನೂ ಬರೆಯದೆ, "ಲಗತ್ತು ನೋಡಿ" ಎಂದಷ್ಟೇ ಹೇಳಿ ಕಳುಹಿಸುವ ಅಭ್ಯಾಸವಿದೆ. ಹತ್ತು ವರ್ಷಗಳ ಬಳಿಕ ಆ ಪತ್ರವನ್ನು ಹುಡುಕುವವನ ಗತಿಯೇನು?

ಪ್ರತಿ ಎಂದರೆ ರಕ್ಷಣೆಯಲ್ಲ

ಹತ್ತು ಸಾವಿರ ವರ್ಷಗಳ ಲೆಕ್ಕ ಕೇಳಿ ನಿಶ್ಚಿಂತರಾಗುವಂತಿಲ್ಲ. ಆ ಲೆಕ್ಕ ಡಿಸ್ಕು ಕೆಡುವುದರ ಬಗ್ಗೆಯೇ ಹೊರತು, ಅಳಿಸಬೇಕೆಂಬ ಆಜ್ಞೆಯ ಬಗ್ಗೆ ಅಲ್ಲ. "ಅಳಿಸು" ಎಂದರೆ ಉಗ್ರಾಣ ಮೂರು ಪ್ರತಿಗಳನ್ನೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

2011ರ ಫೆಬ್ರವರಿ ಕೊನೆಯಲ್ಲಿ ಜಿ-ಮೇಲ್ ಬಳಕೆದಾರರಲ್ಲಿ ಕೆಲವರು ಬೆಳಗ್ಗೆ ಎದ್ದು ನೋಡಿದಾಗ ಅಂಚೆಪೆಟ್ಟಿಗೆ ಬರಿದಾಗಿತ್ತು. ಗೂಗಲ್ ಕಂಪೆನಿಯೇ ತಿಳಿಸಿದಂತೆ ಶೇಕಡಾ 0.02 ಮಂದಿಗೆ ಹೀಗಾಗಿತ್ತು. ಪತ್ರಗಳ ಪ್ರತಿಗಳು ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿದ್ದವು. ಆದರೆ ಹೊಸ ತಂತ್ರಾಂಶದ ಒಂದು ದೋಷ ಎಲ್ಲ ಪ್ರತಿಗಳನ್ನೂ ತಟ್ಟಿತು. ಕೊನೆಗೆ ಕಾಪಾಡಿದ್ದು ಯಾವುದಕ್ಕೂ ಸಂಪರ್ಕವಿಲ್ಲದೆ ಬೇರೆ ಇಟ್ಟಿದ್ದ ಟೇಪುಗಳು. ಅವುಗಳಿಂದ ಪತ್ರಗಳನ್ನು ಮರಳಿ ತುಂಬಲಾಯಿತು.

ಟೇಪು ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಸಾಕು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ದೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಸುಟ್ಟುಹೋಯಿತು. ಬಹಳ ದೊಡ್ಡದೆಂಬ ಕಾರಣದಿಂದ ಅದಕ್ಕೆ ಬೇರೆಡೆ ಪ್ರತಿಯನ್ನೇ ಇಟ್ಟಿರಲಿಲ್ಲ. ಅದು ಮಿಂಚಂಚೆಯ ಭಂಡಾರವಲ್ಲ, ಆದರೂ ಪಾಠ ಒಂದೇ: ಒಂದೇ ಯಜಮಾನನ ಕೈಯಲ್ಲಿರುವ ಪ್ರತಿಗಳೆಲ್ಲ ಸೇರಿ ಒಂದೇ ಪ್ರತಿಯೆಂದು ತಿಳಿಯಬೇಕು.

ನಮ್ಮಂತಹವರಿಗೆ ಬೆಂಕಿಗಿಂತಲೂ ಹತ್ತಿರದ ಅಪಾಯ ಖಾತೆಯದ್ದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಶಾಲೆಯ ಪತ್ರವ್ಯವಹಾರವೆಲ್ಲ ಒಬ್ಬ ಅಧ್ಯಾಪಕರ ಸ್ವಂತ ಖಾತೆಯಲ್ಲಿ ನಡೆದು, ಅವರು ನಿವೃತ್ತರಾಗಿ, ಫೋನ್ ನಂಬರ್ ಬದಲಾಗಿ, ಗುಪ್ತಪದ ಮರೆತರೆ ಏನಾಗುತ್ತದೆ? ಉಗ್ರಾಣ ಭದ್ರವಾಗಿದೆ, ಗಂಟೂ ಭದ್ರವಾಗಿದೆ. ಚೀಟಿ ಮಾತ್ರ ಕಳೆದಿದೆ. ಎರಡು ವರ್ಷ ಕಳೆದ ಮೇಲೆ ಗಂಟೂ ಇಲ್ಲ. ಕನ್ನಡ ಅಧ್ಯಾಪಕರೊಬ್ಬರು ನಿವೃತ್ತರಾದರೆ ಆ ಹುದ್ದೆಗೆ ಮತ್ತೆ ಕನ್ನಡ ಬಲ್ಲವರನ್ನೇ ಕೊಡಿ ಎಂದು ಕೇಳಲು ಬೇಕಾದ ಕಾಗದಗಳು, ನಿವೃತ್ತರಾದ ಅವರ ಜತೆಗೇ ಹೊರಟುಹೋಗುವ ಸ್ಥಿತಿ ಇದು.

ಅಕ್ಷರದ ಮಾತು

ಕನ್ನಡದಲ್ಲಿ ಬರೆದರೆ ಹೆಚ್ಚು ಜಾಗ ಬೇಕು, ಆದುದರಿಂದ ಇಂಗ್ಲಿಷೇ ಲೇಸು ಎಂಬ ವಾದವೊಂದಿದೆ. ಲೆಕ್ಕ ಹಾಕಿ ನೋಡೋಣ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. "ಮಕ್ತಲ್" ಎಂಬ ಪದದಲ್ಲಿ ಮ, ಕ, ತ, ಲ ಎಂಬ ನಾಲ್ಕು ಅಕ್ಷರಗಳು ಮತ್ತು ಎರಡು ಅರ್ಧಾಕ್ಷರ ಚಿಹ್ನೆಗಳು ಸೇರಿ ಆರು ಸಂಕೇತಗಳು. ಅಂದರೆ 18 ಬೈಟ್. ಅಂಚೆಯಲ್ಲಿ ಸಾಗಿಸಲು ಸಾಮಾನ್ಯವಾಗಿ ಮಾಡುವ ರೂಪಾಂತರದಲ್ಲಿ ಅದು 24 ಆಗುತ್ತದೆ. ಇಂಗ್ಲಿಷಿನಲ್ಲಿ ಏಳೇ. ಆದರೆ ಇದು ಕಾಸಿನ ಲೆಕ್ಕ. ಎರಡು ಪುಟದ ಕನ್ನಡ ಅರ್ಜಿ ಕೆಲವು ಕಿಲೋಬೈಟಿನಲ್ಲಿ ಮುಗಿಯುತ್ತದೆ. ಅದನ್ನೇ ಕೈಯಲ್ಲಿ ಬರೆದು ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿದರೆ ನೂರಾರು ಪಟ್ಟು ಜಾಗ ತಿನ್ನುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಹುಡುಕುವುದೂ ಕಷ್ಟ.

ನಿಜವಾದ ಅಪಾಯ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ 1991ರಲ್ಲಿಯೇ ದೊರೆತಿದ್ದರೂ, ನಾವು ಬಹುಕಾಲ ಹಳೆಯ ಮಾದರಿಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದೆವು. ಆ ಶೈಲಿ ಇಲ್ಲದ ಯಂತ್ರದಲ್ಲಿ ಅಂತಹ ಪತ್ರವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಉಗ್ರಾಣ ಅದನ್ನು ಒಂದು ಬೈಟೂ ಕಳೆಯದೆ ಕಾದಿರುತ್ತದೆ. ಓದಲು ಮಾತ್ರ ಆಗದು. ಅಂತಹ ಹಳೆಯ ಕಡತಗಳು ಯಾರಲ್ಲಿಯಾದರೂ ಇದ್ದರೆ, ಪರಿವರ್ತಕ ತಂತ್ರಾಂಶಗಳು ಲಭ್ಯವಿರುವ ಈಗಲೇ ಯೂನಿಕೋಡಿಗೆ ಬದಲಿಸಿ ಇಡುವುದು ವಿವೇಕ.

ನಾವು ಮಾಡಬೇಕಾದುದು

ಸೆಫ್, ಎಸ್-3ಗಳನ್ನು ನಡೆಸುವುದು ನಮ್ಮ ಕೆಲಸವಲ್ಲ. ನಮ್ಮ ಪಾಲಿನ ಕೆಲಸ ಸಣ್ಣದು. ಆದರೆ ಅದನ್ನು ಬೇರೆ ಯಾರೂ ಮಾಡಿಕೊಡರು.

ಮೊದಲನೆಯದಾಗಿ, ಶಾಲೆ, ಸಂಘ, ವಾಚನಾಲಯಗಳ ಪತ್ರವ್ಯವಹಾರ ಸಂಸ್ಥೆಯ ಹೆಸರಿನ ಖಾತೆಯಲ್ಲಿಯೇ ನಡೆಯಲಿ. ಅದರ ಗುಪ್ತಪದ ಕನಿಷ್ಠ ಇಬ್ಬರು ಜವಾಬ್ದಾರರಿಗೆ ತಿಳಿದಿರಲಿ. ವರ್ಗಾವಣೆ, ನಿವೃತ್ತಿಯ ದಿನ ಬೀಗದ ಕೈ, ದಾಸ್ತಾನು ಪುಸ್ತಕಗಳ ಜತೆಯಲ್ಲಿ ಖಾತೆಯನ್ನೂ ಹಸ್ತಾಂತರಿಸಿ, ಅದಕ್ಕೆ ಜೋಡಿಸಿದ ಫೋನ್ ನಂಬರನ್ನು ಬದಲಿಸತಕ್ಕದ್ದು.

ಎರಡನೆಯದಾಗಿ, ವರ್ಷಕ್ಕೊಮ್ಮೆ, ಶಾಲೆಯ ವಾರ್ಷಿಕ ದಾಸ್ತಾನು ಪರಿಶೀಲನೆಯ ಸಮಯದಲ್ಲಿ, ಖಾತೆಯ ಎಲ್ಲ ಪತ್ರಗಳ ಪ್ರತಿಯನ್ನು ಇಳಿಸಿಕೊಳ್ಳಬೇಕು. ಗೂಗಲಿನಲ್ಲಿ ಟೇಕ್‌ಔಟ್ ಎಂಬ ಸೌಲಭ್ಯ ಇದಕ್ಕಾಗಿಯೇ ಇದೆ. ಎಂಬಾಕ್ಸ್ ಎಂಬ ಹಳೆಯ, ಸರಳ ರೂಪದಲ್ಲಿ ಎಲ್ಲ ಪತ್ರಗಳೂ ಸಿಗುತ್ತವೆ. ಥಂಡರ್‌ಬರ್ಡ್‌ನಂತಹ ಉಚಿತ ತಂತ್ರಾಂಶಗಳಲ್ಲಿ ಅದನ್ನು ಓದಲು ಸಾಧ್ಯ. ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ ಒಂದನ್ನು ಶಾಲೆಯಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿ ಇಡಬೇಕು. ಇಟ್ಟುದನ್ನು ಆಗಾಗ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬುವಂತಿಲ್ಲ.

ಮೂರನೆಯದಾಗಿ, ಹುದ್ದೆ, ಮಾಧ್ಯಮ, ಮಾನ್ಯತೆಗೆ ಸಂಬಂಧಿಸಿದ ಆದೇಶಗಳನ್ನು ಕಳುಹಿಸಿದವರ ವಿಳಾಸ ಮತ್ತು ತಾರೀಕು ಕಾಣುವಂತೆ ಮುದ್ರಿಸಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ದಾಖಲಿಸಿ ಕಟ್ಟಬೇಕು. ವಿಷಯದ ಜಾಗದಲ್ಲಿ ಊರು, ವರ್ಷ, ಸಂಗತಿ ಮೂರನ್ನೂ ಬರೆಯಬೇಕು. ಬರೆಯುವುದು ಯೂನಿಕೋಡ್ ಕನ್ನಡದಲ್ಲಿರಬೇಕು.

ಕಾಸರಗೋಡಿನಲ್ಲಿರಲಿ, ಮಕ್ತಲಿನಲ್ಲಿರಲಿ, ಗಡಿಯ ಕನ್ನಡಿಗನ ಕೈಯಲ್ಲಿರುವ ಆಸ್ತಿ ಎರಡೇ: ಮನೆಯಲ್ಲಿ ಆಡುವ ಮಾತು ಮತ್ತು ಕಪಾಟಿನಲ್ಲಿರುವ ಕಾಗದ. ಮಾತನ್ನು ಉಳಿಸಲು ನಾವು ಸಭೆ ಸೇರುತ್ತೇವೆ, ಮೆರವಣಿಗೆ ಹೋಗುತ್ತೇವೆ. ಕಾಗದವನ್ನು ಉಳಿಸಲು ವರ್ಷಕ್ಕೆ ಅರ್ಧ ದಿನ ಕುಳಿತರೆ ಸಾಕು. ಈ ಶಾಲಾ ವರ್ಷ ಮುಗಿಯುವುದರೊಳಗೆ ನಮ್ಮ ಪ್ರತಿಯೊಂದು ಕನ್ನಡ ಶಾಲೆಯ ರಕ್ಷಕ-ಶಿಕ್ಷಕ ಸಂಘವೂ ಒಂದು ಸಲ ಈ ಪ್ರಶ್ನೆಯನ್ನು ಕಾರ್ಯಸೂಚಿಗೆ ಸೇರಿಸಲಿ: ನಮ್ಮ ಕಾಗದ ಯಾವ ಉಗ್ರಾಣದಲ್ಲಿದೆ, ಚೀಟಿ ಯಾರ ಕೈಯಲ್ಲಿದೆ?